‘ನನ್ನ ಮಾವನ ಮನೆಯ ಮುಂದೆ’: ಒಂದೇ ಪಾಠವನ್ನು ಎರಡು ಸಲ ಮಾಡಿದ ಅನುಭವ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಆದರೂ ಈ ಲೇಖನ ಇಂಗ್ಲಿಷ್ ವ್ಯಾಕರಣದ ಒಂದು ಸಣ್ಣ ಅಂಶದ ಬಗ್ಗೆ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ ಹೆರಿಗೆ ರಜೆಯ ಮೇಲಿದ್ದರು. ಎರಡನೆಯ ವಾರ ಮುಖ್ಯೋಪಾಧ್ಯಾಯರು ಕರೆದು, “ನೋಡಮ್ಮಾ, ಎಂಟನೇ ತರಗತಿ ಇಂಗ್ಲಿಷ್ ಪೀರಿಯಡ್ ಖಾಲಿ ಹೋಗ್ತಾ ಇದೆ. ನಿಮಗೆ ಇಂಗ್ಲಿಷ್ ಬರುತ್ತಲ್ಲ, ಸ್ವಲ್ಪ ದಿನ ತಗೊಳ್ಳಿ” ಎಂದರು. ಬಿಎಸ್ಸಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಕಲಿಸಲೂ ಬರುತ್ತದೆ ಎಂದು ಅವರು ನಂಬಿದ್ದರು. ಆ ಹೊತ್ತಿಗೆ ನಾನೂ ನಂಬಿದ್ದೆ.

ನಾನು ಆರಿಸಿಕೊಂಡ ಪಾಠ ದಾರಿ ಹೇಳುವುದು. ಬಸ್ ನಿಲ್ದಾಣದಿಂದ ತಮ್ಮ ಮನೆಗೆ ಬರುವ ದಾರಿಯನ್ನು ಮಕ್ಕಳು ಐದಾರು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಬೇಕು. ಪ್ರಿಪೊಸಿಷನ್‌ಗಳ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ಇಲ್ಲ ಎಂದುಕೊಂಡಿದ್ದೆ. ಆದರೆ ಒಂದು ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ರಸ್ತೆಗೆ ಹೆಸರಿರುವುದಿಲ್ಲ, ಮನೆಗೆ ನಂಬರಿದ್ದರೂ ಯಾರೂ ಕೇಳುವುದಿಲ್ಲ. ದಾರಿ ಹೇಳುವುದೆಂದರೆ ಯಾರದೋ ಮನೆ, ಯಾರದೋ ಅಂಗಡಿ, ಯಾರದೋ ತೋಟವನ್ನು ಹೆಸರಿಸುವುದು. ‘ಸಾಹುಕಾರರ ಗೋಡೌನ್ ಪಕ್ಕ’, ‘ನಮ್ಮ ದೊಡ್ಡಪ್ಪನ ತೋಟದ ಹಿಂದೆ’, ‘ಮೇಷ್ಟ್ರ ಮನೆ ಎದುರಿಗೆ’. ಪ್ರಿಪೊಸಿಷನ್ ಕಲಿಸಲು ಹೊರಟವಳಿಗೆ ಪ್ರತಿ ವಾಕ್ಯದಲ್ಲೂ ಅದರ ಜೊತೆಗೆ ಒಂದು ಸಂಬಂಧಸೂಚಕ ಪದವೂ ಎದುರಾಗುತ್ತದೆ. ಅಂದರೆ ನಾನು ಒಂದು ಪಾಠವೆಂದುಕೊಂಡದ್ದು ನಿಜವಾಗಿ ಎರಡು ಪಾಠಗಳು ಹೆಣೆದುಕೊಂಡದ್ದಾಗಿತ್ತು.

ಓದುವವರಿಗೆ ಒಂದು ಸೂಚನೆ. ಇಂಗ್ಲಿಷ್ ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ಅಪಾಸ್ಟ್ರಫಿ ಇರುವ ಕಡೆ ಆ ಚಿಹ್ನೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಬಾಯ್ಸ್, ಬಾಯ್’ಸ್, ಬಾಯ್ಸ್’ ಈ ಮೂರೂ ಕಿವಿಗೆ ಒಂದೇ. ಬರೀ ಕೇಳಿ ಕಲಿಯುವ ಮಗುವಿಗೆ ಇವುಗಳಲ್ಲಿ ವ್ಯತ್ಯಾಸವಿದೆ ಎಂಬುದೇ ಗೊತ್ತಾಗುವುದಿಲ್ಲ ಎನ್ನುವುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಮೊದಲ ಪಾಠ

ನನ್ನ ಪಾಠ ಯೋಜನೆಯಲ್ಲಿ ನಿಯಮ ಒಂದೇ ಸಾಲಿನದು: ಕನ್ನಡದಲ್ಲಿ ವಸ್ತುವಿನ ಹೆಸರು ಮೊದಲು, ಜಾಗ ಹೇಳುವ ಮಾತು ಆಮೇಲೆ; ಇಂಗ್ಲಿಷ್‌ನಲ್ಲಿ ಅದರ ತಿರುಗು. ಆದ್ದರಿಂದ ಕನ್ನಡದ ಮಾತನ್ನು ಕೊನೆಯಿಂದ ಓದಿಕೊಂಡು ಬಂದರೆ ಇಂಗ್ಲಿಷ್ ಸಿಗುತ್ತದೆ. ಇದು ನನ್ನ ಸ್ವಂತ ನಿಯಮವೇನಲ್ಲ, ನಾನು ಹೈಸ್ಕೂಲಿನಲ್ಲಿದ್ದಾಗ ನನಗೂ ಹೀಗೇ ಹೇಳಿಕೊಟ್ಟಿದ್ದರು. ಕಪ್ಪುಹಲಗೆಯ ಮೇಲೆ ಉದಾಹರಣೆ ಬರೆದೆ. ಮೇಜಿನ ಮೇಲೆ, ಆನ್ ದಿ ಟೇಬಲ್. ಮರದ ಕೆಳಗೆ, ಅಂಡರ್ ದಿ ಟ್ರೀ. ಬಾವಿಯ ಹತ್ತಿರ, ನಿಯರ್ ದಿ ವೆಲ್. ಮಕ್ಕಳು ಒಟ್ಟಿಗೆ ಹೇಳಿದರು, ತಪ್ಪಾಗಲಿಲ್ಲ. ಆ ದಿನ ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಅವಲೋಕನ ಹಾಳೆಯಲ್ಲಿ ‘ನಿಯಮ ಸರಳವಾಗಿದೆ, ವಿದ್ಯಾರ್ಥಿಗಳ ಭಾಗವಹಿಸುವಿಕೆ ಚೆನ್ನಾಗಿದೆ’ ಎಂದು ಬರೆದರು. 40 ನಿಮಿಷದ ಅವಧಿಯಲ್ಲಿ ಐದು ನಿಮಿಷ ಉಳಿಯಿತು ಕೂಡ.

ಮರುದಿನ ಮನೆಗೆಲಸವನ್ನು ಓದಿಸಿದೆ. ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಲೆಕ್ಕದಲ್ಲಿ ಚುರುಕು. ಒಂದು ನಿಯಮ ಹೇಳಿದರೆ ಅದನ್ನು ಚಾಚೂ ತಪ್ಪದೆ ಪಾಲಿಸುವವಳು. ಎದ್ದು ನಿಂತು ಓದಿದಳು: “ಅವರ್ ಹೌಸ್ ಈಸ್ ಇನ್ ಫ್ರಂಟ್ ಆಫ್ ಹೌಸ್ ಅಂಕಲ್ ಮೈ.”

ಹಿಂದಿನ ಬೆಂಚಿನವರು ನಕ್ಕರು. ನನ್ನ ಮುಖದಲ್ಲೂ ಒಂದು ಕ್ಷಣ ನಗು ಬಂದಿರಬೇಕು, ಅವಳು ನೋಡಿದಳು. “ಮಿಸ್, ನೀವೇ ಕೊನೆಯಿಂದ ಬನ್ನಿ ಅಂದ್ರಲ್ಲ” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ‘ನನ್ನ ಮಾವನ ಮನೆಯ ಮುಂದೆ’ ಎಂಬುದನ್ನು ಅವಳು ನಾನು ಹೇಳಿದಂತೆಯೇ ತಿರುಗಿಸಿದ್ದಳು. ನಿಯಮ ಪಾಲಿಸದೆ ಕನ್ನಡದ ಜಾಡಿನಲ್ಲೇ ಬರೆದ ಪಕ್ಕದ ಹುಡುಗನ ‘ಮೈ ಅಂಕಲ್ ಹೌಸ್ ಫ್ರಂಟ್’ ಎಂಬುದಾದರೂ ಕೇಳುವವರಿಗೆ ಅರ್ಥವಾಗುತ್ತಿತ್ತು. ಅವಳದು ಅದೂ ಇಲ್ಲ. ಮಾತು ಕೇಳಿದ ಮಗುವೇ ಹೆಚ್ಚು ತಪ್ಪು ಮಾಡಿತ್ತು. ಮುಂದಿನ ಎರಡು ದಿನ ನಾನು ಬೆಂಚುಗಳ ನಡುವೆ ಓಡಾಡುವಾಗ ಅವಳು ನೋಟ್ ಪುಸ್ತಕದ ಮೇಲೆ ಅಂಗೈ ಇಟ್ಟು ಮುಚ್ಚಿಕೊಳ್ಳುತ್ತಿದ್ದಳು.

ತಪ್ಪು ಎಲ್ಲಿತ್ತು

ಆ ಸಂಜೆ ಹಾಸ್ಟೆಲಿನಲ್ಲಿ ಕೂತು ಪದಗಳಿಗೆ ಸಂಖ್ಯೆ ಕೊಟ್ಟೆ. ನನ್ನ 1, ಮಾವನ 2, ಮನೆಯ 3, ಮುಂದೆ 4. ಇಂಗ್ಲಿಷ್‌ನಲ್ಲಿ ‘ಇನ್ ಫ್ರಂಟ್ ಆಫ್ ಮೈ ಅಂಕಲ್’ಸ್ ಹೌಸ್’. ಅದರ ಕ್ರಮ 4, 1, 2, 3. ನಾನು ಕಲಿಸಿದ ನಿಯಮ ಕೊಡುವ ಕ್ರಮ 4, 3, 2, 1. ಅಂದರೆ ಇಂಗ್ಲಿಷ್ ಕನ್ನಡವನ್ನು ತಿರುವಿ ಹಾಕುವುದೇ ಇಲ್ಲ. ಸರಪಳಿಯ ಕೊನೆಯ ಕೊಂಡಿಯೊಂದನ್ನು ಬಿಚ್ಚಿ ಮುಂದಕ್ಕೆ ತರುತ್ತದೆ, ಉಳಿದದ್ದನ್ನು ಇದ್ದ ಹಾಗೇ ಬಿಡುತ್ತದೆ. ಯಾರ ಮಾವ, ಯಾರ ಮನೆ ಎಂದು ಹೇಳುವ ಕ್ರಮದಲ್ಲಿ ಎರಡು ಭಾಷೆಗಳೂ ಒಂದೇ.

ಹಾಗಾದರೆ ಮೊದಲ ದಿನ ನಿಯಮ ಸರಿಯಾಗಿಯೇ ಕೆಲಸ ಮಾಡಿತಲ್ಲ? ಕಾರಣ ನೋಡಿದಾಗ ನಾಚಿಕೆಯಾಯಿತು. ನನ್ನ ಉದಾಹರಣೆಗಳೆಲ್ಲ ಎರಡೆರಡು ಪದಗಳವು. ಮೇಜಿನ 1, ಮೇಲೆ 2. ಎರಡೇ ವಸ್ತುಗಳಿದ್ದಾಗ ತಿರುವಿ ಹಾಕುವುದೂ ಕೊನೆಯದನ್ನು ಮುಂದಕ್ಕೆ ತರುವುದೂ ಒಂದೇ: 2, 1. ಮೂರಾದಾಗ ಮಾತ್ರ ಎರಡೂ ಬೇರೆಯಾಗುತ್ತವೆ. ನನ್ನ ತಪ್ಪು ನಿಯಮವನ್ನು ಸರಿಯಾದ ನಿಯಮದಿಂದ ಬೇರ್ಪಡಿಸುವ ಒಂದು ಉದಾಹರಣೆಯೂ ಕಪ್ಪುಹಲಗೆಯ ಮೇಲಿರಲಿಲ್ಲ. ಭೌತವಿಜ್ಞಾನದ ಪ್ರಯೋಗದಲ್ಲಿ ಎರಡು ರೀಡಿಂಗ್ ತೆಗೆದುಕೊಂಡು ನಕ್ಷೆ ಎಳೆದು ‘ಸರಳರೇಖೆ ಬಂತು’ ಎಂದರೆ ಪ್ರಯೋಗಾಲಯದಿಂದ ಹೊರಗೆ ಕಳಿಸುತ್ತಾರೆ. ಎರಡು ಬಿಂದುಗಳ ನಡುವೆ ಸರಳರೇಖೆ ಬಾರದೆ ಇನ್ನೇನು ಬರುತ್ತದೆ? ಬಿಎಸ್ಸಿಯಲ್ಲಿ ಮೂರು ವರ್ಷ ಇದನ್ನೇ ಕಲಿತವಳು ಇಂಗ್ಲಿಷ್ ತರಗತಿಯಲ್ಲಿ ಅದನ್ನೇ ಮಾಡಿದ್ದೆ.

ಉಳಿದ ನೋಟ್ ಪುಸ್ತಕಗಳನ್ನು ಈ ದೃಷ್ಟಿಯಿಂದ ಮತ್ತೆ ನೋಡಿದೆ. ‘ವಿತ್ ಹಿಮ್ ಬ್ರದರ್’ ಎಂದು ಹಲವರು ಬರೆದಿದ್ದರು. ಅದೂ ನನ್ನದೇ ಕೃಪೆ. ಪ್ರಿಪೊಸಿಷನ್ ಆದ ಮೇಲೆ ‘ಹಿ’ ಬರುವುದಿಲ್ಲ, ‘ಹಿಮ್’ ಬರುತ್ತದೆ ಎಂದು ಹೇಳಿದ್ದೆ, ‘ವಿತ್ ಹಿಮ್’, ‘ಟು ಹಿಮ್’ ಎಂದು ಬರೆಸಿದ್ದೆ. ಆದರೆ ‘ವಿತ್ ಹರ್ ಸಿಸ್ಟರ್’ ಎಂದು ಬರೆದವರೆಲ್ಲ ಸರಿಯಾಗಿದ್ದರು. ಅವರಿಗೆ ಗೊತ್ತಿತ್ತೆಂದಲ್ಲ. ‘ಅವಳನ್ನು’ ಎಂಬುದಕ್ಕೂ ‘ಅವಳ’ ಎಂಬುದಕ್ಕೂ ಇಂಗ್ಲಿಷ್‌ನಲ್ಲಿ ರೂಪ ಒಂದೇ, ಆದ್ದರಿಂದ ತಪ್ಪು ತಿಳಿದವರ ವಾಕ್ಯವೂ ಸರಿಯಾಗಿ ಕಾಣುತ್ತದೆ. ಹುಡುಗಿಯರೆಲ್ಲ ತಮ್ಮ ಗೆಳತಿಯರ ಬಗ್ಗೆ ಬರೆದಿದ್ದರೆ ನಾನು ಎಲ್ಲರಿಗೂ ಸರಿ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ.

ಕನ್ನಡ ಮೇಷ್ಟ್ರು ಹೇಳಿದ್ದು

‘ವಿತ್ ಹಿಮ್ ಬ್ರದರ್’ ಏಕೆ ತಪ್ಪು ಎಂದು ಮಕ್ಕಳಿಗೆ ಹೇಗೆ ಹೇಳುವುದು? ಪ್ರಿಪೊಸಿಷನ್ ಆದ ತಕ್ಷಣ ಬಂದ ಪದ ಅದೇ ಅಲ್ಲವೇ? ಶಿಕ್ಷಕರ ಕೊಠಡಿಯಲ್ಲಿ ಇದನ್ನೇ ಯೋಚಿಸುತ್ತ ಕೂತಿದ್ದಾಗ ಕನ್ನಡ ಮೇಷ್ಟ್ರು ವಿಚಾರಿಸಿದರು. ಹೇಳಿದೆ. ಅವರು ನಕ್ಕು, “ಷಷ್ಠಿಗೆ ಕಾರಕ ಇಲ್ಲ ಕಣಮ್ಮ, ಅಷ್ಟೇ ವಿಷಯ” ಎಂದರು.

ನಾವೆಲ್ಲ ‘ಉ, ಅನ್ನು, ಇಂದ, ಗೆ’ ಎಂದು ಬಾಯಿಪಾಠ ಮಾಡಿದವರೇ. ಅದರಲ್ಲಿ ಒಂದು ಸೂಕ್ಷ್ಮವಿದೆ ಎಂದು ನನಗೆ ತಿಳಿದದ್ದು ಆಗಲೇ. ಸಂಸ್ಕೃತ ವ್ಯಾಕರಣ ಆರು ಕಾರಕಗಳನ್ನು ಹೇಳುತ್ತದೆ: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ಕಾರಕವೆಂದರೆ ಕ್ರಿಯಾಪದದೊಂದಿಗೆ ನಾಮಪದಕ್ಕಿರುವ ನಂಟು. ಷಷ್ಠೀ ವಿಭಕ್ತಿ ಆ ಪಟ್ಟಿಗೆ ಸೇರುವುದಿಲ್ಲ, ಏಕೆಂದರೆ ಅದು ನಾಮಪದವನ್ನು ಇನ್ನೊಂದು ನಾಮಪದಕ್ಕೆ ಕಟ್ಟುತ್ತದೆ. ನಮ್ಮ ಶಾಲಾ ವ್ಯಾಕರಣದಲ್ಲೂ ಷಷ್ಠಿಯ ಎದುರಿಗೆ ‘ಸಂಬಂಧ’ ಎಂದು ಬರೆಯುತ್ತೇವೆ. ‘ಅವನ ತಮ್ಮನನ್ನು ಕರೆದೆ’, ‘ಅವನ ತಮ್ಮನಿಗೆ ಕೊಟ್ಟೆ’, ‘ಅವನ ತಮ್ಮನಿಂದ ತಿಳಿಯಿತು’. ವಾಕ್ಯ ಬದಲಾದ ಹಾಗೆಲ್ಲ ‘ತಮ್ಮ’ ರೂಪ ಬದಲಿಸುತ್ತಾನೆ, ‘ಅವನ’ ಮಾತ್ರ ಅಲ್ಲಾಡುವುದಿಲ್ಲ.

ಇದೇ ನನಗೆ ಬೇಕಾಗಿದ್ದ ಉತ್ತರ. ‘ವಿತ್’ ಎಂಬುದರ ಅಧಿಕಾರ ‘ಬ್ರದರ್’ ಮೇಲೆ, ಅಂದರೆ ಆ ಇಡೀ ಪದಗುಚ್ಛದ ಯಜಮಾನನ ಮೇಲೆ. ‘ಹಿಸ್’ ಯಜಮಾನನ ಮನೆಯೊಳಗಿನ ವ್ಯವಹಾರ. ಹೊರಗಿನಿಂದ ಬಂದ ಪ್ರಿಪೊಸಿಷನ್ ಅದನ್ನು ಮುಟ್ಟುವುದಿಲ್ಲ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಅದು ಆವರಣದೊಳಗೆ ಇದೆ. ವಿತ್ (ಹಿಸ್ ಬ್ರದರ್). ಇನ್ ಫ್ರಂಟ್ ಆಫ್ ((ಮೈ ಅಂಕಲ್)’ಸ್ ಹೌಸ್). ಒಳಗಿನ ಆವರಣ ಬಿಡಿಸಿಕೊಂಡು ಹೊರಗೆ ಬರುವುದು ಮಕ್ಕಳಿಗೆ ಲೆಕ್ಕದಲ್ಲಿ ಆಗಲೇ ಗೊತ್ತಿದೆ.

ಮೇಷ್ಟ್ರು ಇನ್ನೊಂದು ಮಾತು ಕೇಳಿದರು: “ಇಂಗ್ಲಿಷ್‌ಗೆ ವಿಭಕ್ತಿ ಇಲ್ಲ ಅಂತಾರಲ್ಲ, ಆ ಎಸ್ ಮತ್ತೆ ಏನು?” ಗ್ರಂಥಾಲಯದಲ್ಲಿ ಹುಡುಕಿದೆ. ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್‌ನಲ್ಲಿ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ರಾಜ ಎಂಬ ಅರ್ಥದ ‘ಕ್ಯುನಿಂಗ್’ ಷಷ್ಠಿಯಲ್ಲಿ ‘ಕ್ಯುನಿಂಗೆಸ್’ ಆಗುತ್ತಿತ್ತು. ಬೇರೆ ಪ್ರತ್ಯಯಗಳೆಲ್ಲ ಕಾಲಕ್ರಮೇಣ ಸವೆದುಹೋಗಿ ನಾಮಪದಗಳಲ್ಲಿ ಉಳಿದದ್ದು ಬಹುವಚನದ ಎಸ್ ಮತ್ತು ಈ ಷಷ್ಠಿಯ ಎಸ್. ಆದರೆ ಉಳಿದದ್ದು ಮೊದಲಿನಂತೆಯೇ ಉಳಿದಿಲ್ಲ. ಈಗ ಅದು ಪದಕ್ಕಲ್ಲ, ಇಡೀ ಪದಗುಚ್ಛದ ಬಾಲಕ್ಕೆ ಅಂಟುತ್ತದೆ. ‘ದಿ ಕಿಂಗ್ ಆಫ್ ಇಂಗ್ಲೆಂಡ್’ಸ್ ಡಾಟರ್’ ಎಂದಾಗ ಎಸ್ ಅಂಟಿರುವುದು ಇಂಗ್ಲೆಂಡಿಗೆ, ಮಗಳು ಮಾತ್ರ ರಾಜನವಳು. ಕನ್ನಡದಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ, ಏಕೆಂದರೆ ನಮ್ಮಲ್ಲಿ ಯಜಮಾನ ಪದ ಯಾವಾಗಲೂ ಗುಚ್ಛದ ಕೊನೆಯಲ್ಲೇ ಇರುತ್ತದೆ: ಇಂಗ್ಲೆಂಡಿನ ರಾಜನ ಮಗಳು.

ಎರಡನೆಯ ಪಾಠ

ಮೂರನೆಯ ದಿನ ತರಗತಿಗೆ ಹೋಗಿ, “ಮೊನ್ನೆ ನಾನು ಹೇಳಿದ ನಿಯಮ ತಪ್ಪು, ಅದನ್ನು ಹೊಡೆದುಹಾಕಿ” ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬರೆದುಕೊಂಡದ್ದನ್ನು ಹೊಡೆದುಹಾಕಿ ಎಂದು ಮಿಸ್ ಹೇಳುವುದು ಅವರಿಗೆ ಹೊಸದು. ಕೆಲವರು ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದರು.

ರಟ್ಟಿನ ಮಿಂಚುಪಟ್ಟಿಗಳನ್ನು ಮಾಡಿಕೊಂಡು ಹೋಗಿದ್ದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ನಾಲ್ವರು ಮಕ್ಕಳು ‘ನನ್ನ’, ‘ಮಾವನ’, ‘ಮನೆಯ’, ‘ಮುಂದೆ’ ಹಿಡಿದು ಸಾಲಾಗಿ ನಿಂತರು. ಕೊನೆಯವನು ಮಾತ್ರ ಓಡಿಬಂದು ಸಾಲಿನ ಮೊದಲಿಗೆ ನಿಲ್ಲಬೇಕು, ಬೇರೆ ಯಾರೂ ಕದಲಬಾರದು, ಆಮೇಲೆ ಎಲ್ಲರೂ ಪಟ್ಟಿ ತಿರುಗಿಸಬೇಕು. ತಿರುಗಿಸಿದರು: ಇನ್ ಫ್ರಂಟ್ ಆಫ್, ಮೈ, ಅಂಕಲ್’ಸ್, ಹೌಸ್. ನಂತರ ಐದು ಜನ: ‘ನನ್ನ ಅಣ್ಣನ ಗೆಳೆಯನ ಅಂಗಡಿಯ ಮುಂದೆ’. ಮತ್ತೆ ಕೊನೆಯವನು ಓಡಿದ. ಇನ್ ಫ್ರಂಟ್ ಆಫ್ ಮೈ ಬ್ರದರ್’ಸ್ ಫ್ರೆಂಡ್’ಸ್ ಶಾಪ್. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಆದರೆ ಕಿಟಕಿಯ ಪಕ್ಕದ ಹುಡುಗ ತಮ್ಮೂರಿನ ಅಂಗಡಿಯೊಂದನ್ನು ಹೇಳಿದ: “ನಮ್ಮ ಅಜ್ಜಿಯ ತಮ್ಮನ ಮಗಳ ಗಂಡನ ಅಂಗಡಿಯ ಹಿಂದೆ.” ಖಾಲಿ ಹಾಳೆಗಳ ಮೇಲೆ ಬರೆದುಕೊಂಡು ಏಳು ಜನ ನಿಂತರು. ಸಾಲು ಬಾಗಿಲಿನವರೆಗೂ ಹೋಯಿತು. ‘ಹಿಂದೆ’ ಹಿಡಿದಿದ್ದ ಪುಟ್ಟ ಹುಡುಗ ಇಡೀ ತರಗತಿಯ ಉದ್ದಕ್ಕೂ ಓಡಿಬಂದಾಗ ಎಲ್ಲರೂ ನಕ್ಕರು. ಬಿಹೈಂಡ್ ಅವರ್ ಗ್ರಾಂಡ್‌ಮದರ್’ಸ್ ಬ್ರದರ್’ಸ್ ಡಾಟರ್’ಸ್ ಹಸ್ಬೆಂಡ್’ಸ್ ಶಾಪ್. ಇಂಗ್ಲಿಷ್ ಮಾತನಾಡುವವರು ಇಷ್ಟುದ್ದದ ಸರಪಳಿ ಕಟ್ಟುವುದು ಅಪರೂಪ, ಆದರೆ ಕಟ್ಟಿದರೆ ತಪ್ಪೇನಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಮೂರನೆಯ ಬೆಂಚಿನ ಹುಡುಗಿ ಆಗ ಕೈ ಎತ್ತಿದಳು. “ಮಿಸ್, ಆಫ್ ಅಂದ್ರೂ ಷಷ್ಠಿನೇ ಅಲ್ವಾ? ಆ ಎಸ್ ಅಂದ್ರೂ ಷಷ್ಠಿನೇ. ಇನ್ ಫ್ರಂಟ್ ಆಫ್ ಮೈ ಅಂಕಲ್’ಸ್ ಹೌಸ್ ಅನ್ನೋದ್ರಲ್ಲಿ ಎರಡು ಸಲ ಯಾಕೆ ಬರುತ್ತೆ?”

ನನ್ನ ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಕಪ್ಪುಹಲಗೆಯ ಕಡೆ ತಿರುಗಿ ಕನ್ನಡದ ವಾಕ್ಯವನ್ನೇ ನೋಡಿದೆ. ಉತ್ತರ ಅಲ್ಲೇ ಇತ್ತು. ಕನ್ನಡದಲ್ಲೂ ಎರಡು ಷಷ್ಠಿಗಳಿವೆ: ಮಾವನ ಎಂಬಲ್ಲಿ ಒಂದು, ಮನೆಯ ಎಂಬಲ್ಲಿ ಇನ್ನೊಂದು. ಮಾವನಿಗೂ ಮನೆಗೂ ಇರುವ ಸಂಬಂಧವನ್ನು ಎಸ್ ಹೇಳುತ್ತದೆ, ಮನೆಗೂ ಅದರ ಮುಂಭಾಗಕ್ಕೂ ಇರುವ ಸಂಬಂಧವನ್ನು ಆಫ್ ಹೇಳುತ್ತದೆ. ಅವಳಿಂದಲೇ ಹಲಗೆಯ ಮೇಲೆ ಗೆರೆ ಎಳೆಸಿ ಜೋಡಿಸಿದೆ, ‘ಮಾವನ’ದಿಂದ ಎಸ್‌ಗೆ ಒಂದು ಗೆರೆ, ‘ಮನೆಯ’ದಿಂದ ಆಫ್‌ಗೆ ಒಂದು. ಇಷ್ಟು ಅಚ್ಚುಕಟ್ಟಾಗಿ ಎರಡು ಭಾಷೆಗಳು ಹೊಂದಿಕೊಳ್ಳುವುದನ್ನು ನಾನೂ ಅದೇ ಮೊದಲು ನೋಡಿದ್ದು.

ಆದರೆ ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ‘ಹಿಂದೆ’ ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ‘ಬಿಹೈಂಡ್’, ಒಂದೇ ಪದ, ಅಲ್ಲಿ ಆಫ್ ಇಲ್ಲ. ಕನ್ನಡದಲ್ಲಿ ‘ಮನೆಯ ಹಿಂದೆ’ ಎಂದು ಷಷ್ಠಿ ಇದ್ದೇ ಇದೆ. ಮೇಲೆ, ಕೆಳಗೆ, ಪಕ್ಕ, ಹತ್ತಿರ, ಒಳಗೆ ಎಲ್ಲವೂ ಹೀಗೆಯೇ. ಇವುಗಳ ಹಿಂದಿನ ನಾಮಪದಕ್ಕೆ ನಾವು ಷಷ್ಠಿ ಹಚ್ಚುತ್ತೇವೆ. ಇಂಗ್ಲಿಷ್‌ನಲ್ಲಿ ‘ಅಂಡರ್’, ‘ಆನ್’, ‘ನಿಯರ್’, ‘ಬಿಹೈಂಡ್’ ಎಂಬ ಒಂಟಿ ಪ್ರಿಪೊಸಿಷನ್‌ಗಳು ನಾಮಪದದಿಂದ ಯಾವ ಪ್ರತ್ಯಯವನ್ನೂ ಕೇಳುವುದಿಲ್ಲ. ನೋಟ್ ಪುಸ್ತಕಗಳಲ್ಲಿ ಕಂಡ ಎರಡು ವಿಚಿತ್ರ ತಪ್ಪುಗಳಿಗೆ ಈಗ ಕಾರಣ ತಿಳಿಯಿತು. ಒಂದು, ‘ಬಿಹೈಂಡ್ ಆಫ್ ದಿ ಸ್ಕೂಲ್’. ಇನ್ನೊಂದು, ‘ಅಂಡರ್ ದಿ ಟ್ರೀ’ಸ್’. ಎರಡನೆಯದನ್ನು ನಾನು ಮೊದಲು ಬಹುವಚನದ ತಪ್ಪೆಂದುಕೊಂಡು, ‘ಒಂದೇ ಮರ ತಾನೇ?’ ಎಂದು ಬದಿಯಲ್ಲಿ ಬರೆದಿದ್ದೆ. ಆ ಮಗುವಿಗೆ ಒಂದೇ ಮರ ಎಂದು ಚೆನ್ನಾಗಿ ಗೊತ್ತಿತ್ತು. ‘ಮರದ’ ಎಂಬುದರ ಪ್ರತ್ಯಯವನ್ನು ನಿಷ್ಠೆಯಿಂದ ಇಂಗ್ಲಿಷ್‌ಗೆ ತಂದಿತ್ತು. ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುವಾಗ ಅದು ಯಾವ ತಪ್ಪು ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ.

ಗಮನಿಸಿದ್ದು ಇನ್ನೂ ಒಂದಿದೆ. ಮರ, ಮೇಜು, ಕಟ್ಟೆ ಎಂಬ ಪದಗಳಲ್ಲಿ ಈ ತಪ್ಪು ಒಂದೇ ಸಮನಾಗಿರಲಿಲ್ಲ. ಆಡುಮಾತಿನಲ್ಲಿ ‘ಮನೆ ಹಿಂದೆ’, ‘ಕಟ್ಟೆ ಮೇಲೆ’ ಎಂದು ‘ಯ’ ಬಿಟ್ಟುಬಿಡುತ್ತೇವೆ, ಆದರೆ ‘ಮರ ಕೆಳಗೆ’, ‘ಮೇಜು ಮೇಲೆ’ ಎಂದು ಯಾರೂ ಹೇಳುವುದಿಲ್ಲ. ನಾನು ನೋಡಿದ ಪುಸ್ತಕಗಳಲ್ಲಿ ಹೆಚ್ಚಿನ ಎಸ್‌ಗಳು ಮರಕ್ಕೂ ಮೇಜಿಗೂ ಅಂಟಿಕೊಂಡಿದ್ದವು. ಒಂದೇ ತರಗತಿಯನ್ನು ನೋಡಿ ಇದನ್ನು ನಿಯಮವೆನ್ನುವ ಧೈರ್ಯ, ಮೊದಲ ಪಾಠದ ನಂತರ, ನನಗಿಲ್ಲ. ಇಂಗ್ಲಿಷ್ ಬೋಧನಾ ವಿಷಯವಾಗಿರುವ ಸಹಪಾಠಿಗಳು ತಮ್ಮ ಶಾಲೆಗಳಲ್ಲಿ ನೋಡಬಹುದು.

‘ದಿ’ ಯಾರದು?

ಸರಪಳಿಯ ಕ್ರಮ ಸರಿಯಾದ ಮೇಲೆ ಉಳಿದದ್ದು ‘ದಿ’. ‘ಇನ್ ದಿ ಮೈ ಬ್ಯಾಗ್’, ‘ನಿಯರ್ ದಿ ರವಿ’ಸ್ ಹೌಸ್’ ಎಂದು ಬರೆಯುವವರು ಬಹಳ. ಪ್ರಿಪೊಸಿಷನ್ ಆದ ಮೇಲೆ ‘ದಿ’ ಬರಬೇಕು ಎಂದು ಅವರ ಕೈ ಪಳಗಿಬಿಟ್ಟಿರುತ್ತದೆ. ಪಳಗಿಸಿದ್ದು ನಮ್ಮ ‘ಆನ್ ದಿ ಟೇಬಲ್’ ಉದಾಹರಣೆಗಳೇ. ಕನ್ನಡವೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ನಾವು ‘ನನ್ನ ಆ ಪುಸ್ತಕ’, ‘ಆ ನನ್ನ ಪುಸ್ತಕ’ ಎಂದು ಎರಡನ್ನೂ ಒಟ್ಟಿಗೆ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ಯಜಮಾನ ಪದದ ಮುಂದೆ ಒಂದೇ ಕುರ್ಚಿ. ಅದರಲ್ಲಿ ‘ದಿ’ ಕೂರಬೇಕು, ಇಲ್ಲವೇ ‘ಮೈ’ ಕೂರಬೇಕು, ಇಲ್ಲವೇ ‘ರವಿ’ಸ್’ ಕೂರಬೇಕು.

“ಹಾಗಾದ್ರೆ ‘ಇನ್ ದಿ ಟೀಚರ್’ಸ್ ಬ್ಯಾಗ್’ ಸರಿ ಹೇಗಾಯ್ತು ಮಿಸ್?” ಅಲ್ಲಿ ಆ ‘ದಿ’ ಚೀಲದ್ದಲ್ಲ, ಟೀಚರದ್ದು. ‘ದಿ ಟೀಚರ್’ಸ್’ ಎಂಬ ಇಡೀ ಗುಚ್ಛ ಒಂದೇ ಕುರ್ಚಿಯಲ್ಲಿ ಕೂತಿದೆ. ಈ ಉದಾಹರಣೆಯೊಂದನ್ನೇ ನೋಡಿದರೆ ‘ದಿ’ ಯಾರಿಗೆ ಸೇರಿದ್ದೆಂದು ಹೇಳಲಾಗುವುದಿಲ್ಲ. ಟೀಚರ್ ಜಾಗದಲ್ಲಿ ರವಿಯನ್ನು ಕೂರಿಸಿ ನೋಡಿದಾಗ ‘ದಿ’ ಮಾಯವಾಗುತ್ತದೆ, ಬ್ಯಾಗ್ ಹಾಗೇ ಇದೆ, ಆಗ ಗೊತ್ತಾಗುತ್ತದೆ. ಇದನ್ನೂ ಆವರಣ ಹಾಕಿಯೇ ತೋರಿಸಿದೆ. ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದ ನನ್ನ ಸಹಪಾಠಿ ಇದನ್ನು ಕೇಳಿ, “ನಾನು ಓದಿದ್ದು ‘ಇನ್ ಎ ವಿಮೆನ್’ಸ್ ಕಾಲೇಜ್’. ವಿಮೆನ್ ಬಹುವಚನ, ಅದಕ್ಕೆ ‘ಎ’ ಹೇಗೆ ಸೇರುತ್ತೆ?” ಎಂದು ಕಾಲೆಳೆದಳು. ಸರಿಯಾದ ಪ್ರಶ್ನೆ. ಅಲ್ಲಿ ‘ಎ’ ಕಾಲೇಜಿನದೇ. ‘ವಿಮೆನ್’ಸ್’ ಯಾರ ಕಾಲೇಜು ಎಂದು ಹೇಳುತ್ತಿಲ್ಲ, ಎಂಥ ಕಾಲೇಜು ಎಂದು ಹೇಳುತ್ತಿದೆ. ಒಡೆತನ ಹೇಳುವ ಷಷ್ಠಿ ಕುರ್ಚಿಯಲ್ಲಿ ಕೂರುತ್ತದೆ, ಬಗೆ ಹೇಳುವ ಷಷ್ಠಿ ವಿಶೇಷಣದ ಹಾಗೆ ಕುರ್ಚಿಯ ಪಕ್ಕ ನಿಲ್ಲುತ್ತದೆ. ಎಂಟನೇ ತರಗತಿಗೆ ಇದನ್ನು ಹೇಳಲಿಲ್ಲ.

‘ಎ ಮೈ ಫ್ರೆಂಡ್’ ಮಾತ್ರ ಹೇಳಲೇಬೇಕಾಯಿತು. ‘ನನ್ನ ಒಬ್ಬ ಗೆಳತಿಯ ಜೊತೆ’ ಎನ್ನುವುದು ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಕುರ್ಚಿ ಒಂದೇ, ಕೂರಬೇಕಾದವರು ‘ಎ’ ಮತ್ತು ‘ಮೈ’. ಹೀಗಾದಾಗ ಇಂಗ್ಲಿಷ್ ‘ಎ’ಯನ್ನು ಕೂರಿಸಿ ಇನ್ನೊಬ್ಬರನ್ನು ಆಫ್ ಕೈ ಹಿಡಿಸಿ ಹಿಂದಕ್ಕೆ ಕಳಿಸುತ್ತದೆ, ಹೋಗುವಾಗ ‘ಮೈ’ ‘ಮೈನ್’ ಆಗುತ್ತದೆ: ವಿತ್ ಎ ಫ್ರೆಂಡ್ ಆಫ್ ಮೈನ್. ಮಕ್ಕಳಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವುದು ನೆನಪಾಯಿತಂತೆ.

ರಜಾ ಚೀಟಿಯ ವಿಷಯವನ್ನು ಹೇಳದೆ ಬಿಡಲಾರೆ. ‘ಗ್ರಾಂಟ್ ಮಿ ಟು ಡೇಸ್’ ಲೀವ್’ ಎಂಬಲ್ಲಿ ಡೇಸ್ ಆದ ಮೇಲೆ ಒಂದು ಅಪಾಸ್ಟ್ರಫಿ ಬೇಕು, ಅದು ‘ಎರಡು ದಿನಗಳ ರಜೆ’ ಎಂಬ ಷಷ್ಠಿ. ಐದನೇ ತರಗತಿಯಿಂದ ಬಿಎಡ್‌ವರೆಗೆ ನಾನು ಬರೆದ ರಜಾ ಅರ್ಜಿಗಳಲ್ಲಿ ಒಂದರಲ್ಲೂ ಅದನ್ನು ಹಾಕಿದ ನೆನಪಿಲ್ಲ, ಯಾರೂ ತಿದ್ದಿದ್ದೂ ಇಲ್ಲ. ರಜೆ ಮಾತ್ರ ಸಿಗುತ್ತಿತ್ತು.

ಕೊನೆಯ ದಿನ

ಬೋಧನಾಭ್ಯಾಸದ ಕೊನೆಯ ವಾರದಲ್ಲಿ ಅದೇ ಚಟುವಟಿಕೆಯನ್ನು ಮತ್ತೆ ಕೊಟ್ಟೆ: ಬಸ್ ನಿಲ್ದಾಣದಿಂದ ನಿಮ್ಮ ಮನೆಗೆ ದಾರಿ. ಈ ಸಲ ಪ್ರತಿ ವಾಕ್ಯದಲ್ಲೂ ಕಡಿಮೆಯೆಂದರೆ ಮೂರು ಕೊಂಡಿ ಇರಬೇಕು ಎಂದು ಷರತ್ತು ಹಾಕಿದೆ. ಎಸ್ ಬಿಡುವ ಅಭ್ಯಾಸ ಬರವಣಿಗೆಯಲ್ಲಿ ಬಹಳಷ್ಟು ಕಡಿಮೆಯಾಗಿತ್ತು, ಮಾತಿನಲ್ಲಿ ಹಾಗೇ ಉಳಿದಿತ್ತು. ‘ಮೈ ಅಂಕಲ್ ಹೌಸ್’ ಎಂದೇ ಹೇಳುತ್ತಿದ್ದರು, ಬರೆಯುವಾಗ ನೆನಪಿಸಿಕೊಂಡು ಎಸ್ ಹಾಕುತ್ತಿದ್ದರು. ‘ವಿತ್ ಹಿಮ್ ಬ್ರದರ್’ ಒಬ್ಬಿಬ್ಬರಲ್ಲಿ ಮಾತ್ರ ಕಂಡಿತು.

ಮೂರನೆಯ ಬೆಂಚಿನ ಹುಡುಗಿ ಪುಸ್ತಕವನ್ನು ತಾನೇ ತಂದು ಮೇಜಿನ ಮೇಲಿಟ್ಟಳು. ‘ಅವರ್ ಹೌಸ್ ಈಸ್ ಇನ್ ಫ್ರಂಟ್ ಆಫ್ ಮೈ ಅಂಕಲ್’ಸ್ ಹೌಸ್.’ ಅಪಾಸ್ಟ್ರಫಿಯನ್ನು ದಪ್ಪಗೆ ತಿದ್ದಿ ಬರೆದಿದ್ದಳು. ಕೆಳಗಿನ ಸಾಲಿನಲ್ಲಿ ‘ಮೈ ಅಂಕಲ್’ಸ್ ಹೌಸ್ ಈಸ್ ಬಿಹೈಂಡ್ ಆಫ್ ದಿ ಮಿಲ್ಕ್ ಡೇರಿ’ ಎಂದಿತ್ತು. ನಾನು ತಿದ್ದದೆ, ಬದಿಯಲ್ಲಿ ‘ಡೇರಿಯ ಹಿಂದೆ’ ಎಂದು ಬರೆದು, ಆ ‘ಯ’ದ ಕೆಳಗೆ ಗೆರೆ ಎಳೆದು, “ಇದು ಇಂಗ್ಲಿಷ್‌ಗೆ ಹೋಗಬೇಕಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ನೋಡಿದಳು. “ಬೇಡ ಮಿಸ್” ಎಂದು ಆಫ್ ಹೊಡೆದುಹಾಕಿದಳು. ಆಮೇಲೆ ಮೇಲಿನ ಸಾಲಿಗೆ ಹೋಗಿ ಅಲ್ಲಿದ್ದ ಆಫ್ ಅನ್ನೂ ಹೊಡೆದುಹಾಕಿದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅವಳನ್ನು ಕರೆದು, ವರಾಂಡದಲ್ಲಿ ಕೂರಿಸಿ, ಎರಡು ವಾಕ್ಯಗಳನ್ನೂ ಪಕ್ಕಪಕ್ಕದಲ್ಲಿ ಬರೆಸಿದೆ.